ಸದ್ದಿಲ್ಲದ ಸಂತ: ಜೋಸೆಫ್ ವಾಜ್ ಮತ್ತು ನಮ್ಮ ನಡುವಿನ ಅಂತರ್ಮುಖಿಗಳು

ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂಥವರು ಇದ್ದೇ ಇರುತ್ತಾರೆ. ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ಗುಂಪು ಗುಂಪಾಗಿ ನಿಂತು ಮಾತಾಡುತ್ತಿರುವಾಗ ಇವರು ಹಿರಿಯರ ಸಮಾಧಿಯ ಬಳಿ ಒಂದು ಮೇಣದ ಬತ್ತಿ ಹಚ್ಚಿ, ಯಾರ ಗಮನಕ್ಕೂ ಬಾರದೆ ಮನೆ ಸೇರುತ್ತಾರೆ. ವಾಳೆಯ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಅಭಿಪ್ರಾಯ ಕೇಳಿದರೆ ನಸುನಕ್ಕು ಸುಮ್ಮನಾಗುತ್ತಾರೆ. ವಾರ್ಷಿಕ ಹಬ್ಬದ ಊಟಕ್ಕೆ ಬರುತ್ತಾರೆ, ಆದರೆ ವೇದಿಕೆಗೆ ಕರೆದರೆ ಬರುವುದಿಲ್ಲ.

ಇವರ ಬಗ್ಗೆ ನಾವು ತೀರ್ಪು ಕೊಡುವುದು ಬಹಳ ಬೇಗ. ಅವನಿಗೆ ಜಂಭ, ಯಾರೊಂದಿಗೂ ಬೆರೆಯುವವನಲ್ಲ, ಗುಮ್ಮನಗುಸುಕ, ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು ಎನ್ನುತ್ತೇವೆ. ಹುಡುಗಿ ನೋಡಲು ಹೋದ ಮನೆಯಲ್ಲಿ ಆಕೆ ಹೆಚ್ಚು ಮಾತಾಡದಿದ್ದರೆ ಸಂಬಂಧವೇ ಬೇಡ ಎನ್ನುವವರಿದ್ದಾರೆ. ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಕೈ ಎತ್ತದ ಮಗು ದಡ್ಡ ಎಂದು ಎಣಿಸಿಬಿಡುತ್ತೇವೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಭಾಷಣದಲ್ಲಿ ಹೇಳುವ ನಾವು, ಜವಾಬ್ದಾರಿ ಹಂಚುವ ಹೊತ್ತಿನಲ್ಲಿ ಬಂಗಾರವನ್ನು ಬದಿಗಿಟ್ಟು ಬೆಳ್ಳಿಯನ್ನೇ ಹುಡುಕುತ್ತೇವೆ.

ಈ ಹಿನ್ನೆಲೆಯಲ್ಲಿ ನಮ್ಮದೇ ಕರಾವಳಿಯಲ್ಲಿ ನಡೆದಾಡಿದ ಒಬ್ಬ ಸಂತರ ಬದುಕನ್ನು ಬೇರೊಂದು ಬದಿಯಿಂದ ನೋಡೋಣ. ಸಂತ ಜೋಸೆಫ್ ವಾಜ್ ಅವರ ಹೆಸರು ಕೇಳದ ಕೆಥೊಲಿಕರು ನಮ್ಮಲ್ಲಿ ಕಡಿಮೆ. ಅವರ ಪವಾಡಗಳನ್ನು ನಾವು ನೆನೆಯುತ್ತೇವೆ. ಆದರೆ ಅವರು ಬದುಕಿನುದ್ದಕ್ಕೂ ಎಷ್ಟು ಬಾರಿ ತಪ್ಪಾಗಿ ಅರ್ಥವಾದರು ಎಂಬುದರ ಕಡೆಗೆ ನಮ್ಮ ಗಮನ ಹೋಗಿರುವುದು ಕಡಿಮೆ.

ಅಂತರ್ಮುಖಿ ಎಂದರೆ ಯಾರು?

ಅಂತರ್ಮುಖಿ ಮತ್ತು ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ವ್ಯಕ್ತಿತ್ವದ ಬಗೆಗಳ ಕುರಿತ ಅವರ ಗ್ರಂಥ ಪ್ರಕಟವಾದದ್ದು 1921ರಲ್ಲಿ. ಬಹಿರ್ಮುಖಿಯ ಮನಸ್ಸು ಸಹಜವಾಗಿ ಹೊರಗಿನ ಜನ, ಘಟನೆಗಳ ಕಡೆಗೆ ಹರಿಯುತ್ತದೆ. ಅಂತರ್ಮುಖಿಯ ಮನಸ್ಸು ಒಳಗಿನ ಚಿಂತನೆಯ ಕಡೆಗೆ ಹರಿಯುತ್ತದೆ. ಜನಜಂಗುಳಿಯಲ್ಲಿ ಒಬ್ಬರಿಗೆ ಹುರುಪು ಬಂದರೆ ಇನ್ನೊಬ್ಬರಿಗೆ ದಣಿವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತೇವೆ.

ಇಲ್ಲಿ ಎರಡು ಮಾತು ಸ್ಪಷ್ಟವಾಗಬೇಕು. ಮೊದಲನೆಯದು, ಅಂತರ್ಮುಖತೆ ರೋಗವಲ್ಲ, ದೋಷವೂ ಅಲ್ಲ. ಅದು ನಾಚಿಕೆಯೂ ಅಲ್ಲ. ನಾಚಿಕೆ ಎಂದರೆ ಇತರರು ಏನೆಂದುಕೊಳ್ಳುವರೋ ಎಂಬ ಭಯ. ಅಂತರ್ಮುಖಿಗೆ ಆ ಭಯ ಇರಲೇಬೇಕೆಂದಿಲ್ಲ. ಅಗತ್ಯ ಬಿದ್ದರೆ ಸಾವಿರ ಜನರ ಮುಂದೆ ಮಾತಾಡಬಲ್ಲ, ಆದರೆ ಆಮೇಲೆ ಒಂಟಿಯಾಗಿ ಕುಳಿತು ಸುಧಾರಿಸಿಕೊಳ್ಳಬೇಕು, ಅಷ್ಟೆ. ಎರಡನೆಯದು, ಎಲ್ಲ ಮೌನವೂ ಅಂತರ್ಮುಖತೆಯಲ್ಲ. ನಿನ್ನೆಯವರೆಗೆ ನಗುನಗುತ್ತಾ ಮಾತಾಡುತ್ತಿದ್ದವರು ಇಂದು ಇದ್ದಕ್ಕಿದ್ದಂತೆ ಮೂಕರಾದರೆ, ಊಟ ನಿದ್ದೆ ಬಿಟ್ಟರೆ, ಅಲ್ಲಿ ದುಃಖವೋ ಖಿನ್ನತೆಯೋ ಇರಬಹುದು. ಅದು ಅವರ ಸ್ವಭಾವ ಎಂದು ಕೈಬಿಡದೆ ಹತ್ತಿರ ಹೋಗಿ ವಿಚಾರಿಸಬೇಕು. ಬೇಕಾದರೆ ವೈದ್ಯರ ಬಳಿ ಕರೆದೊಯ್ಯಬೇಕು.

ಮೂರು ಶತಮಾನಗಳ ಹಿಂದಿನ ಸಂತರೊಬ್ಬರಿಗೆ ಇಂದಿನ ಮನಶ್ಶಾಸ್ತ್ರದ ಚೀಟಿ ಅಂಟಿಸುವುದು ಸರಿಯಲ್ಲ. ಆದರೂ ವಾಜ್ ಅವರ ಜೀವನಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳು ಇವು: ದೀರ್ಘ ಪ್ರಾರ್ಥನೆ, ಏಕಾಂತ, ಪದವಿಯಿಂದ ದೂರ ಸರಿಯುವ ಗುಣ, ಸದ್ದುಗದ್ದಲವಿಲ್ಲದ ಕೆಲಸ. ಒಳಮುಖವಾದ ಮನಸ್ಸಿನ ಲಕ್ಷಣಗಳು ಇವೇ ಅಲ್ಲವೇ?

ಸಾಂಕ್ವಾಳದ ಯುವ ಯಾಜಕ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಳಿಯಲ್ಲಿದ್ದ ತಾಯಿಯ ತವರಿನಲ್ಲಿ. ತಂದೆ ಕ್ರಿಸ್ಟೊವಾವ್ ವಾಜ್, ತಾಯಿ ಮರಿಯಾ ದ ಮಿರಾಂದಾ. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಮರುವರ್ಷ, 1677ರ ಆಗಸ್ಟ್ 5ರಂದು, ತನ್ನನ್ನು ಮಾತೆ ಮರಿಯಳ ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ದಾಸ್ಯಪತ್ರ ಬರೆದು ಸಹಿ ಹಾಕಿದರು. ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಹುಡುಗರಿಗೆ ಲ್ಯಾಟಿನ್ ಕಲಿಸುವ ಶಾಲೆ ತೆರೆದರು.

ಅವರು ಪ್ರಬೋಧನೆಯಲ್ಲಿ ಹಿಂದೆ ಬಿದ್ದವರಲ್ಲ. ಅವರ ಪ್ರಸಂಗಕ್ಕೆ ಜನ ಸೇರುತ್ತಿದ್ದರು, ಪಾಪನಿವೇದನೆಗೆ ಹುಡುಕಿಕೊಂಡು ಬರುತ್ತಿದ್ದರು. ಮೌನ ಸ್ವಭಾವದವರಿಗೆ ಮಾತು ಬರುವುದಿಲ್ಲ ಎಂಬ ನಮ್ಮ ಎಣಿಕೆ ಇಲ್ಲೇ ಸುಳ್ಳಾಗುತ್ತದೆ. ಮಾತು ಹುಟ್ಟುವ ಜಾಗ ಬೇರೆ, ಅಷ್ಟೆ. ಮೊಣಕಾಲೂರಿ ಕಳೆದ ಗಂಟೆಗಳಿಂದ ಬಂದ ಮಾತು ಸ್ವಲ್ಪವಾದರೂ ಸಾಕಾಗುತ್ತದೆ.

ಕೆನರಾದಲ್ಲಿ ಮೂರು ವರ್ಷ

ಯುವ ಯಾಜಕ ವಾಜ್ ಅವರ ಆಸೆ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಹೋಗುವುದಾಗಿತ್ತು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿನ ಕೆಥೊಲಿಕರು ಗುರುಗಳೇ ಇಲ್ಲದೆ ಕಂಗಾಲಾಗಿದ್ದರು. ಆದರೆ ಗೋವಾದ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಮಿಷನ್ನಿಗೆ ವಿಗಾರ್ ವಾರ್ ಆಗಿ ಕಳುಹಿಸಿದರು.

ಆಗ ಈ ನಾಡನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮ. ಪೋರ್ಚುಗೀಸರ ಕರಾವಳಿ ಕೋಟೆಗಳು 1650ರ ದಶಕದಲ್ಲೇ ಕೆಳದಿಯ ಶಿವಪ್ಪ ನಾಯಕನ ವಶವಾಗಿದ್ದವು. ಇಂದು ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಅಂದು ಉತ್ತರದಿಂದ ಬಂದವರು ಹೊಳೆಯ ಮೇಲೆ ಹೊಳೆ ದಾಟಬೇಕಿತ್ತು. ಗಂಗೊಳ್ಳಿಯ ಅಳಿವೆಯಲ್ಲಿ ಐದು ನದಿಗಳು ಒಟ್ಟಾಗಿ ಕಡಲು ಸೇರುತ್ತವೆ. ಈಚೆ ದಡದಲ್ಲಿ ಕುಂದಾಪುರ, ಒಳಗೆ ವಾರಾಹಿಯ ದಂಡೆಯಲ್ಲಿ ಬಸ್ರೂರು, ಇನ್ನೂ ದಕ್ಷಿಣಕ್ಕೆ ಬಾರ್ಕೂರು, ಕಲ್ಯಾಣಪುರ. ಈ ಊರುಗಳಲ್ಲಿ ಚದುರಿಹೋಗಿದ್ದ ಕೆಥೊಲಿಕರ ನಡುವೆ ವಾಜ್ ಅವರು ಓಡಾಡಿದರು. ಪಾಳುಬಿದ್ದ ಚರ್ಚುಗಳನ್ನು ಎತ್ತಿ ಕಟ್ಟಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತಿಸಂಘಗಳನ್ನು ಹುಟ್ಟುಹಾಕಿದರು.

ಆದರೆ ಅವರ ಮುಂದಿದ್ದ ದೊಡ್ಡ ಸಮಸ್ಯೆ ಪಾಳುಗೋಡೆಗಳದ್ದಲ್ಲ. ಕೆನರಾದ ಧರ್ಮಸಭೆ ಎರಡು ಹೋಳಾಗಿತ್ತು. ಒಂದು ಕಡೆ ಪೋರ್ಚುಗಲ್ ರಾಜರ ಆಶ್ರಯದ ಪದ್ರುವಾದೊ ವ್ಯವಸ್ಥೆಯ ಗೋವಾ ಪಕ್ಷ. ಇನ್ನೊಂದು ಕಡೆ ರೋಮಿನ ಪ್ರೊಪಗಾಂದಾ ಕಳುಹಿಸಿದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರ ಪಕ್ಷ. ಕಾಸ್ತ್ರೊ ಅವರೂ ಗೋವಾ ಮೂಲದವರೇ. ಯಾವ ಗುರುವಿನ ಮಾತು ಕೇಳಬೇಕು, ಯಾರ ಕೈಯಿಂದ ಸಂಸ್ಕಾರ ಪಡೆಯಬೇಕು ಎಂದು ಭಕ್ತರು ಗೊಂದಲದಲ್ಲಿದ್ದರು.

ಗೋವಾ ಪಕ್ಷದ ಪ್ರತಿನಿಧಿಯಾಗಿ ಬಂದವರಿಂದ ಜನ ಏನು ನಿರೀಕ್ಷಿಸುತ್ತಾರೆ? ಗಟ್ಟಿ ದನಿಯಲ್ಲಿ ಹೋರಾಡಬೇಕು, ಎದುರು ಪಕ್ಷವನ್ನು ಬಾಯಿ ಮುಚ್ಚಿಸಬೇಕು. ವಾಜ್ ಅವರು ಹಾಗೆ ಮಾಡಲಿಲ್ಲ. ಬಹಿರಂಗ ಜಗಳ ಭಕ್ತರ ವಿಶ್ವಾಸಕ್ಕೆ ಹಾನಿ ಎಂದು ಕಂಡು, ರೋಮಿನ ತೀರ್ಮಾನ ಬರುವ ತನಕ ಶಾಂತಿ ಕಾಪಾಡುವ ದಾರಿ ಹುಡುಕಿದರು. ಇಂಥ ನಡೆಯನ್ನು ಹೇಡಿತನ ಎನ್ನುವುದು ಸುಲಭ. ಇಂದಿಗೂ ನಮ್ಮ ಸಮಿತಿಗಳಲ್ಲಿ ಇಬ್ಬರ ಜಗಳದ ನಡುವೆ ಸುಮ್ಮನಿರುವವನನ್ನು ಬೆನ್ನೆಲುಬಿಲ್ಲದವನು ಎನ್ನುತ್ತೇವೆ. ಎರಡೂ ಕಡೆಯವರ ಮಾತು ಕೇಳಿಸಿಕೊಂಡು ಬಾಯಿಗೆ ಬಂದದ್ದನ್ನು ತಡೆಹಿಡಿಯಲು ಎಷ್ಟು ಧೈರ್ಯ ಬೇಕೆಂಬುದು ಹಾಗೆ ತಡೆಹಿಡಿದವರಿಗೇ ಗೊತ್ತು.

ಕುಂದಾಪುರದ ಭಕ್ತರು ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ಸಂಗತಿಯಿದೆ. 1570ರಲ್ಲಿ ಸ್ಥಾಪನೆಯಾದ ಅಲ್ಲಿನ ರೊಜಾರಿ ಮಾತೆಯ ಚರ್ಚಿನಲ್ಲಿ ವಾಜ್ ಅವರು ಶಿಲುಬೆಯ ಮುಂದೆ ಪ್ರಾರ್ಥನೆಯಲ್ಲಿ ಮೈಮರೆತಿದ್ದಾಗ ಅವರ ದೇಹ ನೆಲದಿಂದ ಮೇಲೆದ್ದು ನಿಂತದ್ದನ್ನು ಜನ ಕಂಡರು ಎಂಬುದೇ ಆ ಪರಂಪರೆ. ಪವಾಡವನ್ನು ನೆನೆಯುವಾಗ ನಾವು ಮೇಲೆದ್ದ ದೇಹವನ್ನಷ್ಟೇ ನೋಡುತ್ತೇವೆ. ಅದಕ್ಕೂ ಮೊದಲು ಒಬ್ಬ ಮನುಷ್ಯ, ಮಾಡಲು ನೂರು ಕೆಲಸಗಳಿದ್ದರೂ, ಯಾರೂ ಇಲ್ಲದ ಚರ್ಚಿನಲ್ಲಿ ಒಂಟಿಯಾಗಿ ಕುಳಿತಿದ್ದ ಎಂಬುದನ್ನು ಮರೆಯುತ್ತೇವೆ. ಇಂದು ಯಾರಾದರೂ ಹಾಗೆ ಕುಳಿತರೆ ಕೆಲಸವಿಲ್ಲದವನು ಎಂದೇವು.

ನಗುವ ಸಂತನ ಮನೆಯಲ್ಲಿ

1684ರಲ್ಲಿ ಗೋವಾಕ್ಕೆ ಮರಳಿದ ವಾಜ್ ಅವರು ಮರುವರ್ಷ ಹಳೆ ಗೋವಾದಲ್ಲಿ ಸ್ಥಳೀಯ ಗುರುಗಳೇ ಕೂಡಿ ಬಾಳುತ್ತಿದ್ದ ಒಂದು ಚಿಕ್ಕ ಬಳಗವನ್ನು ಸೇರಿದರು. ಸೇರಿದ ಕೆಲವೇ ದಿನಗಳಲ್ಲಿ ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಲಾಯಿತು. ಆ ಬಳಗಕ್ಕೆ ಅವರು ಸಂತ ಫಿಲಿಪ್ ನೇರಿಯ ಓರಟರಿಯ ನಿಯಮಗಳನ್ನು ಅಳವಡಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಹದಿನಾರನೇ ಶತಮಾನದ ರೋಮಿನ ಫಿಲಿಪ್ ನೇರಿ ಹಾಸ್ಯಕ್ಕೆ, ನಗುವಿಗೆ, ಬೀದಿಯಲ್ಲಿ ಯುವಕರ ಗುಂಪು ಕಟ್ಟಿಕೊಂಡು ಓಡಾಡುವುದಕ್ಕೆ ಹೆಸರಾದ ಸಂತ. ನಮ್ಮ ಬಸ್ರೂರಿನ ಚರ್ಚು ಅವರ ಹೆಸರಿನಲ್ಲೇ ಇದೆ. ಅಂಥ ನಗುವ ಸಂತನ ಕುಟುಂಬಕ್ಕೆ ಸೇರಿದವರು ಈ ಮೌನಿ ಜೋಸೆಫ್ ವಾಜ್. ಧರ್ಮಸಭೆಗೆ ಇಬ್ಬರೂ ಬೇಕು. ಮಾತುಗಾರರನ್ನು ಹಗುರವಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಗಂಟೆ ಬಾರಿಸುವವರೂ ಇರಲಿ, ಪೀಠದ ದೀಪಕ್ಕೆ ಎಣ್ಣೆ ಹಾಕುವವರೂ ಇರಲಿ. ಎಣ್ಣೆ ಹಾಕುವವನಿಗೆ ಗಂಟೆ ಬಾರಿಸಲು ಬರುವುದಿಲ್ಲ ಎಂದು ದೂರುವುದು ಬೇಡ, ಅಷ್ಟೆ.

ಭಿಕ್ಷುಕನೆಂದು ಕಂಡವರು

1686ರಲ್ಲಿ ಮುಖ್ಯಸ್ಥನ ಸ್ಥಾನ ಬಿಟ್ಟು, ಜಾನ್ ಎಂಬ ಸೇವಕ ಹುಡುಗನನ್ನು ಜೊತೆಗೆ ಕರೆದುಕೊಂಡು, ವಾಜ್ ಅವರು ಸಿಲೋನಿಗೆ ಹೊರಟರು. ದಾರಿಯಲ್ಲಿ ಮತ್ತೊಮ್ಮೆ ಕೆನರಾದಲ್ಲಿ ತಂಗಿದರು. ತೂತ್ತುಕುಡಿಯಿಂದ ಹಡಗೇರಿ 1687ರಲ್ಲಿ ಜಾಫ್ನಾ ತಲುಪಿದಾಗ ಹಸಿವು, ಅತಿಸಾರದಿಂದ ಬಳಲಿ ಹೋಗಿದ್ದರು. ಕೆಥೊಲಿಕ ಗುರುಗಳಿಗೆ ಡಚ್ಚರ ನಾಡಿನಲ್ಲಿ ಪ್ರವೇಶವಿರಲಿಲ್ಲ. ಆದ್ದರಿಂದ ಕೂಲಿಯವನ ಹರಕು ಬಟ್ಟೆಯೇ ಅವರ ವೇಷ.

ಚೇತರಿಸಿಕೊಂಡ ಮೇಲೆ ಕೆಥೊಲಿಕರನ್ನು ಹುಡುಕುವುದು ಹೇಗೆ? ಕೂಗಿ ಕರೆಯುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅಕ್ಕಿ ನೀಡುವ ಕೈಗಿಂತ ನೋಡುವ ಕಣ್ಣನ್ನು ಗಮನಿಸಿದರು. ಜಪಮಾಲೆ ಕಂಡು ಯಾರ ಮುಖದ ಬಣ್ಣ ಬದಲಾಗುತ್ತದೆಯೋ ಅವರೇ ತಾನು ಹುಡುಕುತ್ತಿರುವ ಜನ ಎಂದು ತಿಳಿದುಕೊಂಡರು.

ಓದುಗರು ಇಲ್ಲಿ ಕ್ಷಣ ನಿಲ್ಲಬೇಕು. ಮಾತಾಡದೆ ಗಮನಿಸುವ ಗುಣವನ್ನು ನಾವು ಕೊರತೆ ಎಂದು ಎಣಿಸುತ್ತೇವೆ. ಆದರೆ ಒಂದು ನಾಡಿನ ಧರ್ಮಸಭೆ ಮರಳಿ ಜೀವ ಪಡೆಯಲು ಆರಂಭಿಸಿದ್ದು ಆ ಗುಣದಿಂದಲೇ. ರಾತ್ರಿ ಹೊತ್ತಿನಲ್ಲಿ ಮನೆಗಳೊಳಗೆ ಗುಟ್ಟಾಗಿ ಬಲಿಪೂಜೆ ನಡೆಯತೊಡಗಿತು.

ಗೂಢಚಾರನೆಂದು ಬಂಧಿಸಿದವರು

ಜಾಫ್ನಾದಲ್ಲಿ ಡಚ್ಚರ ಕಾಟ ಹೆಚ್ಚಿದಾಗ ಅವರು ಪುತ್ತಳಂ ಮೂಲಕ ಬೆಟ್ಟದ ನಾಡಾದ ಕ್ಯಾಂಡಿಯ ಕಡೆ ತಿರುಗಿದರು. ಅಲ್ಲಿ ಆಳುತ್ತಿದ್ದವನು ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯ. ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟಂಟ್ ವ್ಯಕ್ತಿ, ಬರುತ್ತಿರುವವನು ಪೋರ್ಚುಗೀಸರ ಗೂಢಚಾರ ಎಂದು ರಾಜನ ಕಿವಿಗೆ ಹಾಕಿದ. 1692ರಲ್ಲಿ ವಾಜ್ ಅವರು ಸೆರೆಮನೆ ಸೇರಿದರು.

ಮನಸ್ಸಿನೊಳಗೆ ಏನಿದೆಯೋ ಎಂದು ಅಳುಕುವ ಜನ ಮೌನಿಯನ್ನು ಕೊನೆಗೆ ತಂದು ನಿಲ್ಲಿಸುವುದು ಇಲ್ಲಿಗೇ. ಇಂಥ ಹೊತ್ತಿನಲ್ಲಿ ಅವರು ಏನು ಮಾಡಿದರು? ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಸೆರೆಮನೆಯ ಆವರಣದಲ್ಲೇ ಒಂದು ಗುಡಿಸಲು ಕಟ್ಟಿ, ಒಳಗೊಂದು ಪೀಠ, ಒಂದು ಶಿಲುಬೆ ಇಟ್ಟು ಪ್ರಾರ್ಥಿಸಿದರು. ಕ್ಯಾಂಡಿಯ ಕೆಥೊಲಿಕರು ಕ್ರಮೇಣ ಅಲ್ಲಿಗೆ ಬರತೊಡಗಿದರು. ಕಾವಲಿನವರು ನೋಡುತ್ತಲೇ ಇದ್ದರು, ಅನುಮಾನಿಸಲು ಏನೂ ಸಿಗಲಿಲ್ಲ. ಬರಗಾಲ ಬಂದಾಗ ಊರ ಚೌಕದಲ್ಲಿ ಪೀಠವಿಟ್ಟು ಅವರು ಪ್ರಾರ್ಥಿಸಿದಾಗ ಧಾರಾಕಾರ ಮಳೆ ಸುರಿಯಿತು, ಅವರು ಮತ್ತು ಪೀಠ ಮಾತ್ರ ಒದ್ದೆಯಾಗಲಿಲ್ಲ ಎಂಬ ಪವಾಡದ ಕತೆ ಎಲ್ಲರಿಗೂ ತಿಳಿದದ್ದೇ. ಅದಾದ ಮೇಲೆ ರಾಜ ಅವರಿಗೆ ಸುವಾರ್ತೆ ಸಾರುವ ಸ್ವಾತಂತ್ರ್ಯ ಕೊಟ್ಟ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ರಾಜ ಊರು ಬಿಟ್ಟ, ಉಳ್ಳವರೂ ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಓಡಿದರು. ಯಾರೊಂದಿಗೂ ಬೆರೆಯುವವನಲ್ಲ ಎಂದು ನಾವು ಯಾರನ್ನು ದೂರುತ್ತೇವೆಯೋ ಅಂಥ ಸ್ವಭಾವದ ವಾಜ್ ಅವರೇ ಆಗ ಊರಿನಲ್ಲಿ ಉಳಿದರು. ಸಂಬಂಧಿಕರೂ ಸಹೋದರ ಗುರುಗಳೂ ಆದ ಜೋಸೆಫ್ ಕಾರ್ವಾಲೊ ಅವರೊಂದಿಗೆ ಸೇರಿ ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಬೌದ್ಧರೋ ಕ್ರೈಸ್ತರೋ ಎಂದು ಕೇಳಲಿಲ್ಲ. ಗುಂಪಿನಲ್ಲಿ ಬೆರೆಯದಿರುವುದು ಬೇರೆ, ಮನುಷ್ಯರನ್ನು ಪ್ರೀತಿಸದಿರುವುದು ಬೇರೆ. ಇವೆರಡನ್ನು ನಾವು ಒಂದೇ ಎಂದು ತಿಳಿಯುವುದರಿಂದಲೇ ಎಷ್ಟೋ ಮಂದಿ ನಮ್ಮ ನಡುವೆ ಇದ್ದೂ ನೊಂದಿದ್ದಾರೆ.

ಹಿಂದೆ ಸರಿದು ಇತರರಿಗೆ ಜಾಗ

ವಾಜ್ ಅವರ ನಾಯಕತ್ವದ ಬಗೆ ಕೂಡ ಹೀಗೆಯೇ. ಗೋವಾದಿಂದ ಬಂದ ಓರಟರಿಯ ಗುರುಗಳಿಗೆ ಕ್ಷೇತ್ರ ಹಂಚಿಕೊಟ್ಟರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸ್ ಅವರು ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಗ್ರಂಥಗಳನ್ನು ಬರೆದು ಸಿಂಹಳ ಕೆಥೊಲಿಕ ಸಾಹಿತ್ಯಕ್ಕೆ ಅಡಿಪಾಯ ಹಾಕಿದರು. ಅದೇ ಸುಮಾರಿಗೆ ವಾಜ್ ಅವರನ್ನು ಧರ್ಮಾಧ್ಯಕ್ಷ ಪದವಿಗೆ ಏರಿಸುವ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ.

1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ಅವರು ದೇವರ ಪಾದ ಸೇರಿದರು. ಜಗದ್ಗುರು ಎರಡನೇ ಜಾನ್ ಪಾಲ್ ಅವರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಸದ್ದಿಲ್ಲದೆ ಬದುಕಿದವರನ್ನು ಜಗತ್ತು ಸಂತರೆಂದು ಕರೆಯಲು 304 ವರ್ಷ ಬೇಕಾಯಿತು.

ನಮ್ಮ ಧರ್ಮಕೇಂದ್ರಗಳಿಗೆ ಕೆಲವು ಮಾತು

ಪವಿತ್ರ ಗ್ರಂಥದಲ್ಲಿ ಸಮುವೇಲನ ತಾಯಿ ಹನ್ನಳ ಪ್ರಸಂಗ ನೆನಪಿಸಿಕೊಳ್ಳಿ. ದೇವಾಲಯದಲ್ಲಿ ದನಿಯಿಲ್ಲದೆ ತುಟಿಯಾಡಿಸುತ್ತಾ ಪ್ರಾರ್ಥಿಸುತ್ತಿದ್ದ ಆಕೆಯನ್ನು ಯಾಜಕ ಏಲಿ ಕುಡಿದಿದ್ದಾಳೆಂದು ತಿಳಿದ. ದೇವರ ಮನೆಯಲ್ಲಿ, ದೇವರ ಸೇವಕನೇ, ಪ್ರಾರ್ಥನೆಯನ್ನು ಅಮಲು ಎಂದು ಓದಿದ. ಆದರೆ ಏಲಿಯಲ್ಲಿ ಒಂದು ಒಳ್ಳೆಯ ಗುಣವಿತ್ತು. ಆಕೆಯ ಉತ್ತರ ಕೇಳಿಸಿಕೊಂಡ, ತನ್ನ ತೀರ್ಪು ಬದಲಿಸಿದ, ಆಶೀರ್ವದಿಸಿ ಕಳುಹಿಸಿದ. ಗುರುಗಳಾದ ನಮಗೂ ಗುರಿಕಾರರಿಗೂ ಶಿಕ್ಷಕರಿಗೂ ಇದೇ ಮಾದರಿ.

ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಪಾಲನಾ ಮಂಡಳಿಯ ಸಭೆಗೆ ಮೊದಲೇ ವಿಷಯಸೂಚಿ ಕೊಟ್ಟರೆ ಯೋಚಿಸಿ ಮಾತಾಡುವವರಿಗೆ ಅನುಕೂಲ. ಬರೆದು ಕೊಡುವ ಅವಕಾಶವೂ ಇರಲಿ. ಕ್ರೈಸ್ತ ಶಿಕ್ಷಣ ತರಗತಿಯಲ್ಲಿ ಪ್ರಶ್ನೆ ಕೇಳಿದೊಡನೆ ಮೊದಲು ಎದ್ದ ಕೈಗೆ ಅವಕಾಶ ಕೊಡದೆ ಸ್ವಲ್ಪ ಕಾಯಿರಿ. ಮೌನಿ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಮಾತು ಬಿಡಿಸುವ ಪ್ರಯತ್ನ ಬೇಡ. ರೋಗಿಗಳ ಭೇಟಿ, ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯ ಮನೆಭೇಟಿ, ಲೆಕ್ಕಪತ್ರ, ಪೀಠದ ಅಲಂಕಾರ ಮುಂತಾದ ಕೆಲಸಗಳಲ್ಲಿ ಇಂಥವರು ಅರಳುತ್ತಾರೆ. ಹಾಗೆಂದು ಅಷ್ಟಕ್ಕೇ ಅವರನ್ನು ಕಟ್ಟಿಹಾಕಬೇಡಿ, ನಾಯಕತ್ವಕ್ಕೂ ಅವರ ಹೆಸರು ಯೋಚಿಸಿ. ದೇವಕರೆಯ ಶಿಬಿರದಲ್ಲಿ ಹಾಡಿ ಕುಣಿಯದ ಹುಡುಗನಿಗೆ ದೈವಕರೆ ಇಲ್ಲ ಎಂದು ನಿರ್ಧರಿಸುವ ಮುನ್ನ ಅವನು ಒಂಟಿಯಾಗಿದ್ದಾಗ ಎಲ್ಲಿರುತ್ತಾನೆ ಎಂದು ನೋಡಿರಿ. ಪರಮಪ್ರಸಾದದ ಮುಂದೆ ಇರಬಹುದು.

ಮೌನ ಸ್ವಭಾವದ ಸಹೋದರ ಸಹೋದರಿಯರಿಗೂ ಒಂದು ಮಾತು. ನಿಮ್ಮ ಸ್ವಭಾವ ದೇವರು ಕೊಟ್ಟದ್ದು, ಅದಕ್ಕಾಗಿ ಕ್ಷಮೆ ಕೇಳಬೇಕಾಗಿಲ್ಲ. ಆದರೆ ವಾಜ್ ಅವರು ಏಕಾಂತದಲ್ಲೇ ಉಳಿದುಬಿಡಲಿಲ್ಲ. ಪ್ರೀತಿ ಕರೆದಾಗ ಪೀಠದ ಮುಂದಿನಿಂದ ಎದ್ದು ಹೊರಟರು, ಹೊಸ ಭಾಷೆ ಕಲಿತರು, ಅಪರಿಚಿತರ ಬಾಗಿಲು ತಟ್ಟಿದರು. ಅಗತ್ಯವಿದ್ದಾಗ ನಿಮ್ಮ ಒಂದು ಮಾತು ಹತ್ತಿರದವರಿಗೆ ಬೇಕು. ಅದನ್ನು ತಡೆಹಿಡಿಯಬೇಡಿ.

ಪ್ರತಿವರ್ಷ ಜನವರಿ 16ರಂದು ಸಂತ ಜೋಸೆಫ್ ವಾಜ್ ಅವರ ಹಬ್ಬ. ಅಂದು ಬಲಿಪೂಜೆ ಮುಗಿಸಿ ಹೊರಬರುವಾಗ, ಯಾರೂ ಮಾತಾಡಿಸದೆ ಗೇಟಿನ ಕಡೆ ಹೊರಟವರೊಬ್ಬರನ್ನು ಕಂಡರೆ ಹತ್ತಿರ ಹೋಗಿ ಕ್ಷೇಮ ವಿಚಾರಿಸಿ. ಉತ್ತರ ತಡವಾಗಿ ಬಂದರೆ ಕಾಯಿರಿ. ಬಸ್ರೂರು, ಗಂಗೊಳ್ಳಿ, ಕುಂದಾಪುರದ ನೆಲದಲ್ಲಿ ಬರಿಗಾಲಿನಲ್ಲಿ ನಡೆದ ಆ ಸಂತರು, ಒಬ್ಬರನ್ನೊಬ್ಬರು ಸರಿಯಾಗಿ ಅರಿಯುವ ಕಣ್ಣನ್ನು ನಮಗೆ ದೇವರಿಂದ ಬೇಡಿಕೊಡಲಿ.